ಉಪ್ಪಿನ ಬಾಬ್ತು

ಲೋಬಿತ್‌ನಲ್ಲಿ ರೈನ್ ನದಿ ಹಾಲೆಂಡಿನೊಳಕ್ಕೆ ಕಾಲಿಡುತ್ತದೆ.
ಪಾಸ್‌ಪೋರ್ಟು ಕೇಳುವವರಿಲ್ಲ. ನಾನೊಬ್ಬಳು
ದಿನಾ ಬೆಳಿಗ್ಗೆ ಏಳಕ್ಕೆ ಸೀಸೆ ಇಳಿಬಿಟ್ಟು
ಇವತ್ತೆಷ್ಟು ಉಪ್ಪು ಹೊತ್ತು ತಂದೆ ಎಂದು ವಿಚಾರಿಸುತ್ತಿದ್ದೆ.
ಇಪ್ಪತ್ತಾರು ವರ್ಷ. ಒಂದು ನೀಲಿ ಪುಸ್ತಕ ತುಂಬಿದರೆ ಇನ್ನೊಂದು.

ತಂಗಿಯ ಗಂಡ ಹ್ಯೂಬ್ರೆಕ್ಟ್‌ಗೆ ನಾಲ್ಕು ಗಾಜಿನ ಮನೆ, ಒಳಗೆಲ್ಲ ಲೆಟಿಸ್.
ನದಿ ಬಡವಾದ ಬೇಸಿಗೆಗಳಲ್ಲಿ ಎಲೆಯಂಚು
ಒಲೆಗೆ ಹಿಡಿದ ಕಾಗದದಂತೆ ಕಂದು.
‘ಬರೀ ಅಂಕಿ ಬರೀತೀರಲ್ಲ ಅತ್ತಿಗೆ,
ಸೊಪ್ಪಿಗೆ ಅಂಕಿ ಹನಿಸಲಾ?’
ಎನ್ನುತ್ತಿದ್ದ ಊಟದ ನಡುವೆ,
ಉಪ್ಪಿನ ಡಬ್ಬಿ ನನ್ನತ್ತ ತಳ್ಳುತ್ತ.

ಆಮೇಲೆ ಕಾಗದಪತ್ರವಾಯಿತು. ನಾಲ್ಕು ದೇಶ, ಒಂದು ಮೇಜು.
ಮೇಲಿನ ಗಣಿಯವರು ಉಪ್ಪನ್ನು ಹೊಳೆಗೆ ಸುರಿಯದೆ ಇಟ್ಟುಕೊಳ್ಳಲು
ಕೆಳಗಿನವರೂ ಕೈಯಿಂದ ಹಾಕಬೇಕು.
ನೂರಕ್ಕೆ ಮೂವತ್ತನಾಲ್ಕು ನಮ್ಮ ಪಾಲು.
ಹ್ಯೂಬ್ರೆಕ್ಟ್ ಪತ್ರಿಕೆ ಮಡಚಿದ, ಮತ್ತೂ ಮಡಚಿದ.
‘ಪಕ್ಕದ ಮನೆಯವ ನನ್ನ ಬಾವಿಗೆ ಉಗುಳದಿರಲಿ ಅಂತ
ಅವನಿಗೆ ಸಂಬಳ.’
ಉಪ್ಪು ತಿಂದವ ನೀರು ಕುಡಿಯಬೇಕು, ಸರಿ.
ತಿಂದವರು ಯಾರೋ. ಕುಡಿದವರು ನಾವು.
ರಸೀದಿಯೂ ನಮ್ಮ ಹೆಸರಿಗೇ.

ನಿವೃತ್ತಿಯಾದ ವರ್ಷ ರೈಲು ಹತ್ತಿ ನೀರಿನ ಎದುರು ಹೋದೆ.
ಅಲ್ಸೇಸಿನ ಗಣಿಯೂರು. ಕೊನೆಯ ಪಾಳಿ ಮೇಲೆ ಬಂದು ವರ್ಷಗಳಾಗಿದ್ದವು.
ಮಟೆರ್ನ್ ಶ್ಟೋಫೆಲ್ ಎಂಬ ಮುದುಕ, ಸಿಡಿಮದ್ದಿಗೆ ಒಂದು ಕಿವಿ ಕೊಟ್ಟವನು,
ಬೇಲಿಯಾಚೆ ಬೂದುಗುಡ್ಡ ತೋರಿಸಿದ:
‘ನೋಡಿ, ನಿಮ್ಮ ದುಡ್ಡು.’

ಹೊಳೆಗೆ ಹೋಗಬೇಕಿದ್ದದ್ದು ಇಲ್ಲಿ ರಾಶಿ ಬಿದ್ದಿದೆ.
ಹುಲ್ಲಿಲ್ಲ. ಹಕ್ಕಿ ಕೂರುವುದಿಲ್ಲ.
ಮಳೆಗಾಲ ಕಳೆದರೆ ಗುಡ್ಡ ಒಂದು ಗೇಣು ತಗ್ಗಿರುತ್ತದಂತೆ.
ತಗ್ಗಿದ್ದು ಎಲ್ಲಿಗೆ ಹೋಗುತ್ತದೆ, ಕೇಳಿದೆ.
ಅವನು ಉಳಿದ ಕಿವಿಯನ್ನು ನನ್ನತ್ತ ತಿರುಗಿಸಿ
ಇನ್ನೊಮ್ಮೆ ಕೇಳಿಸಿಕೊಂಡ.
ಬೂಟಿನ ಹಿಮ್ಮಡಿಯಿಂದ ನೆಲ ತಟ್ಟಿದ.
‘ನಮ್ಮ ಬಾವಿ ಮುಚ್ಚಿ ಒಂಬತ್ತು ವರ್ಷ.
ನಿಮ್ಮ ಕಡೆ ಸೊಪ್ಪು ಚೆನ್ನಾಗಿದೆಯಾ?’

ಚೆನ್ನಾಗಿದೆ ಎಂದೆ.
ಅಂಕಿ ಇಳಿದದ್ದು ನಿಜ, ನನ್ನ ಕೈಯಲ್ಲೇ ಬರೆದಿದ್ದೆ.
ಹ್ಯೂಬ್ರೆಕ್ಟ್ ಅಷ್ಟರಲ್ಲಿ ಗಾಜಿನ ಮನೆಗಳನ್ನು ಮಾರಿಬಿಟ್ಟಿದ್ದ;
ಅದನ್ನು ಹೇಳಲಿಲ್ಲ.

ಮುದುಕನ ಹೆಂಡತಿ ಒಡೆಟ್ ಸೂಪು ಬಡಿಸಿದಳು. ಸಪ್ಪೆ.
‘ಡಾಕ್ಟರು ಇವರಿಗೆ ಬೇಡವೆಂದಿದ್ದಾರೆ, ರಕ್ತದೊತ್ತಡ,’ ಎಂದು
ಡಬ್ಬಿಯನ್ನು ನನ್ನತ್ತ ತಳ್ಳಿದಳು.
ಒಂದು ಚಿಟಿಕೆ ಹಾಕಿಕೊಂಡೆ.
ಸಾಲಲಿಲ್ಲ. ಮತ್ತೊಂದು.