ದಾನವ್ವನ ಅಳತಿ

ಮೂವತ್ತು ವರ್ಷದಿಂದ ಗುಳೇದಗುಡ್ಡದ ಈ ಓಣಿಯೊಳಗ
ಖಣ ಕತ್ತರಿಸಿ ಕುಬಸ ಹೊಲಿದಾಕಿ ನಾನು.
ಯಾರ ರಟ್ಟಿ ಎಷ್ಟು, ಯಾರ ಬೆನ್ನು ಯಾವ ವರ್ಷ ಬಾಗಿತು,
ಹಡದ ಮ್ಯಾಲೆ ಯಾರು ಎಷ್ಟು ಹೊಲಿಗಿ ಬಿಚ್ಚಿಸಿಕೊಂಡರು,
ಎಲ್ಲಾ ಈ ನೀಲಿ ವಹಿಯೊಳಗ ಐತಿ.
ಚಿಗವ್ವ ದಾನವ್ವನ ಹೆಸರಿಗೇ ನಾಕು ಪುಟ.
ಸೊಂಟದ ಕೆಳಗ ಒಂದು ಅಂಕಿಯೂ ಇಲ್ಲ.

ಸೀರಿಗೇನು ಅಳತಿ?
ಹದಿನಾರು ಮೊಳದೊಳಗ ಎರಡು ಮೊಳಕಾಲು
ಎಪ್ಪತ್ತು ವರ್ಷ ಯಾರ ಲೆಕ್ಕಕ್ಕೂ ಬರದ ನಡದವು.

ಈಗ ಒಂದು ಮೊಳಕಾಲು ಹೊಸಾದು.
ಬಾಗಲಕೋಟಿ ದವಾಖಾನಿಯೊಳಗ ಹಾಕಿಸಿಕೊಂಡು ಬಂದಾಳ.
ವ್ಯಾಯಾಮ ಕಲಿಸೋ ಹುಡುಗ ಅಂದನಂತ:
‘ಅಜ್ಜೀ, ಸೀರಿ ತೊಡರ್ತೈತಿ, ಸಡ್ಲ ಪ್ಯಾಂಟ್ ಹಾಕ್ಕೋರಿ.’
‘ಹಾಕ್ಕೊಂಡು ಪೊಲೀಸ್ ಠಾಣೆಕ್ಕ ಡ್ಯೂಟಿಗಿ ಹೋಗ್ಲೇನೋ?’
ಅಂದಾಕಿ, ಕಾಲು ಮಡಚದs ಹದಿನೈದು ದಿನ ಕುಂತಾಳ.

ಕೇಳಿದರ ಅಳತಿ ಕೊಡಾಕಿ ಅಲ್ಲ. ಕದ್ದೆ.
ಹಗ್ಗದ ಮ್ಯಾಲಿನ ಲಂಗದಿಂದ ಸೊಂಟ ಕದ್ದೆ.
ನಿದ್ದಿ ಹತ್ತಿದಾಗ ಸೊಂಟದಿಂದ ಹಿಮ್ಮಡಿತನಕ
ನೂಲಿನೆಳಿ ಹಿಡಿದು ಗಂಟು ಹಾಕಿದೆ.
ಆಸನದ ಅಳತಿ ಮಾತ್ರ ಯಾವ ಹಗ್ಗದ ಮ್ಯಾಲೂ ಒಣಗಿರಲಿಲ್ಲ.
ನನ್ನದನ್ನs ಅಳಕೊಂಡೆ,
ಅವ್ವನ ತವರಿನ ಕುಂಡಿ, ಇಬ್ಬರದೂ ಒಂದs ಅಂತ,
ಎರಡಿಂಚು ಸಡ್ಲ ಬಿಟ್ಟು.

ಖಾಕಿ ಕಾಗದದ ಮ್ಯಾಲೆ ಆ ಬಾಗು ಬರೆಯಾಗ ಸೀಮೆಸುಣ್ಣ ನಿಂತಿತು.
ಕುಬಸದ ಕಂಕುಳ ನನ್ನ ಕೈಗೆ ಬಾಯಿಪಾಠ;
ಇದೂ ಒಂದು ಕಂಕುಳs, ಕಾಲಿಂದು,
ಅಂದುಕೊಂಡ ಮ್ಯಾಲೆ ಕತ್ತರಿ ನಡೀತು.
ನಡದು ಎರಡೂ ಎಡಗಾಲs ಕತ್ತರಿಸಿತ್ತು.
ಕೈಮಗ್ಗದ ಅರಿವಿಗೆ ಒಳಾ ಹೊರಾ ಇಲ್ಲ, ಉಳಕೊಂಡೆ.

ಬದನಿಕಾಯಿ ಬಣ್ಣ. ಮೋರಿ ಮೂವತ್ತಿಂಚು:
ನಿಂತರ ನಿರಗಿ ಬಿದ್ದಂಗ ಇರಲಿ,
ನಡದಾಗಷ್ಟ ಪ್ಯಾಂಟ್ ಆಗಲಿ.
ಬಲಕ್ಕೊಂದು ಕಿಸೆ, ಎಲಿಅಡಿಕಿ ಚಂಚಿಯ ಅಳತಿಗೆ.
ಒಳಗಿನ ಅರಿವಿ ಖಣದ್ದು,
ತಂಗಿಯ ಲಗ್ನದ ಕುಬಸ ಹೊಲದು ಅವ್ವ ಉಳಿಸಿಟ್ಟ ತುಂಡು.
ಯಾರಿಗೂ ಕಾಣೂದಿಲ್ಲ, ಬೆರಳಿಗಷ್ಟ ಗೊತ್ತಾಗತೈತಿ.

ಕೊಟ್ಟೆ. ಮುಟ್ಟಿ ನೋಡಲಿಲ್ಲ.
ಮರುದಿನ ಸಂಜಿಮುಂದ ಒಳಗಿಂದ ಚಿಲಕ ಬಿತ್ತು.
ಮಗ್ಗದ ಸಪ್ಪಳ ನಿಂತು, ಓಣಿಯೊಳಗ ಹಾಲಿನಾಂವ ಬಂದು ಹೋದ,
ಚಿಲಕ ತಗೀಲಿಲ್ಲ.
ಆಮ್ಯಾಲೆ ಒಂದು ಕೂಗು: ‘ಏ ಹುಡುಗೀ, ಬಾ ಇಲ್ಲಿ.’
ಐವತ್ತೆರಡರ ಹುಡುಗಿ ಓಡಿದೆ.

ಎರಡೂ ಕಾಲು ಒಂದರೊಳಗs ಇಳಿಬಿಟ್ಟು,
ಇನ್ನೊಂದು ಕಾಲು ಎಡ ಹೆಗಲಿಗೆ ಎಳಕೊಂಡು
ಗ್ವಾಡಿ ಹಿಡಿದು ನಿಂತಿದ್ಲು:
‘ಸೆರಗು ಗಿಡ್ಡಾತಲ್ಲs ಇದು!’

ಮೊದಲು ಯಾರು ನಕ್ಕರೋ ಗೊತ್ತಿಲ್ಲ.
ನಗೂದು ತಡೀಲಾರದ ಆಕಿ ಹೊರಸಿನ ಮ್ಯಾಲೆ ಕುಂತಳು.
ಕುಂತಾಗ ಹೊಸಾ ಮೊಳಕಾಲು ಮಡಚಿತು.
ಆಕಿಗೆ ಅರಿವಾಗಲಿಲ್ಲ, ನಾನೂ ಹೇಳಲಿಲ್ಲ.

ಮನಿಗೆ ಬಂದು ವಹಿ ತಗದು ಐದನೇ ಪುಟಕ್ಕ ಬರದೆ:
ಸೊಂಟ, ಉದ್ದ, ಆಸನ, ಮೋರಿ.
ಕೆಳಗ: ಕಿಸೆಯ ಬಾಯಿ ಇನ್ನೊಂದು ಬೆರಳು ಅಗಲ ಬೇಕಂತ,
ಚಂಚಿ ತಗಿಯೂಮುಂದ ಬಳಿ ಸಿಗತಾವಂತ.