ಎಂಬತ್ತೈದರಾಚೆ

ಹಗಲೆಲ್ಲ ನನ್ನದು ಕಿವಿ ನೋಡುವ ಕೆಲಸ.
ಶೆಫೀಲ್ಡಿನ ಆಸ್ಪತ್ರೆಯ ಮೂರನೇ ಮಹಡಿ,
ಸದ್ದು ಹೀರುವ ಗೋಡೆಯ ಒಂದು ಗೂಡು,
ಗಾಜಿನಾಚೆ ಅವರು, ಈಚೆ ನಾನು.
ಕೇಳಿಸಿದರೆ ಗುಂಡಿ ಒತ್ತಿ, ಅನ್ನುತ್ತೇನೆ.
ಒತ್ತುವುದಿಲ್ಲ ಕೆಲವರು.
ಒತ್ತದೆ ಕಳೆದ ಹೊತ್ತನ್ನೆಲ್ಲ
ಕಾಗದದ ಮೇಲೆ ಇಳಿಜಾರಾಗಿ ಎಳೆಯುತ್ತೇನೆ.
ಎಂಬತ್ತೈದು ಡೆಸಿಬೆಲ್ ದಾಟಬೇಡಿ.
ಗಿಣಿಪಾಠ, ದಿನಕ್ಕೆ ಹತ್ತು ಸಲ.

ಶುಕ್ರವಾರ ಸಂಜೆ ಸಮವಸ್ತ್ರ ಕಳಚಿದೆ.
ಬ್ಯಾಗಿನಲ್ಲಿತ್ತು ಕರಿ ಟೀಶರ್ಟು,
ಈ ದೇಶಕ್ಕೆ ಬಂದ ಹೊಸದರಲ್ಲಿ ಕೊಂಡದ್ದು,
ಎದೆಯ ಮೇಲೆ ಟಿನ್ ವಿಕರ್ಸ್ ಎಂಬ ಹೆಸರು
ಸುಟ್ಟ ಹಪ್ಪಳದಂತೆ ಬಿರಿದು.
ಹೊಟ್ಟೆಯ ಹತ್ತಿರ ಈಗ ತುಸು ಬಿಗಿ.
ಕನ್ನಡಿ ಏನೂ ಅನ್ನಲಿಲ್ಲ. ಒಳ್ಳೆಯ ಕನ್ನಡಿ.

ಒಂದು ಕಾಲಕ್ಕೆ ಚಮಚ ಮಾಡುತ್ತಿದ್ದ ಕಾರ್ಖಾನೆ.
ಬಾಗಿಲಲ್ಲಿ ಮುಂಗೈಗೆ ಮುದ್ರೆ ಒತ್ತಿದ ಹುಡುಗಿ
ಸರಿ ಲವ್, ಒಳಗೆ ಹೋಗು ಅಂದಳು.
ಮಾತಿಗೊಮ್ಮೆ ಲವ್ ಅನ್ನುವ ಊರು ಇದು,
ಬಸ್ಸಿನ ಚಿಲ್ಲರೆಗೂ, ಸಾವಿನ ಸುದ್ದಿಗೂ.
ಬಿಯರು ಚೆಲ್ಲಿದ ನೆಲ, ಹೆಜ್ಜೆ ಎತ್ತಿದರೆ ಅಂಟು ಅಂಟು,
ನನ್ನ ಹಾಗೇ ನೆತ್ತಿ ತೆಳ್ಳಗಾದವರು, ಮಂಡಿ ಹಿಡಿದವರು,
ಅಪ್ಪನ ಹೆಗಲೇರಿದ ಒಂದು ಕೂಸು,
ಅದರ ಕಿವಿಗೆ ದೊಡ್ಡ ಕೆಂಪು ಮುಚ್ಚಳ. ಭೇಷ್ ಅಂದುಕೊಂಡೆ.
ನಾನೂ ಕಿತ್ತಳೆ ಸ್ಪಂಜನ್ನು ಬತ್ತಿಯಂತೆ ಹೊಸೆದು
ಎರಡೂ ಕಿವಿಗೆ ತುರುಕಿದೆ.

ದೀಪ ಆರಿತು.

ಮೊದಲು ಬಂದದ್ದು ಸದ್ದಲ್ಲ, ಗಾಳಿ.
ಪ್ಯಾಂಟಿನ ಅಂಚು ಅದುರಿತು.
ಆಮೇಲೆ ಬೇಸ್ ಗಿಟಾರು, ಪಕ್ಕೆಲುಬಿನ ಅಟ್ಟದಲ್ಲಿ
ಯಾರೋ ಕಬ್ಬಿಣದ ಮಂಚ ಎಳೆದ ಹಾಗೆ.
ಡ್ರಮ್ಮಿನವಳು ಬಡಿದಳು, ಬಿಡದೆ ಬಡಿದಳು,
ಬಡಿತ ಬಿಟ್ಟ ಕಡೆಯಲ್ಲೂ ಬಡಿದಳು.
ನನ್ನೆದೆ ತನ್ನ ತಾಳ ಮರೆತು ಅವಳ ಹಿಂದೆ ಓಡಿತು.

ಆಗ ಕಂಡರು, ಕಟಕಟೆಯ ಮೂಲೆಯಲ್ಲಿ, ಸ್ಪೀಕರಿನ ಬುಡಕ್ಕೆ,
ಮಿಸ್ಟರ್ ಹಾರ್ಟ್‌ಶಾರ್ನ್.
ಮಂಗಳವಾರ ಹತ್ತೂಕಾಲರ ಪೇಷಂಟು.
ಮೂವತ್ತೊಂದು ವರ್ಷ ಉಕ್ಕು ಬಡಿದವರು.
ಇದೇ ವಾರ ಹೊಸ ಯಂತ್ರ ಕೂರಿಸಿ
ಗದ್ದಲದಿಂದ ದೂರ ಇರಿ ಅಂದಿದ್ದೆ.
ಯಂತ್ರ ಈಗ ಅಂಗಿಯ ಜೇಬಿನಲ್ಲಿ, ಡಬ್ಬಿಯೊಳಗೆ.
ಹೇಳಿದ್ದನ್ನೂ ಕಿವಿಗೆ ಹಾಕಿಕೊಂಡಿಲ್ಲ ಪುಣ್ಯಾತ್ಮ,
ಕೊಟ್ಟದ್ದನ್ನೂ.

ಎರಡೂ ಅಂಗೈ ಸ್ಪೀಕರಿನ ಹಲಗೆಯ ಮೇಲೆ,
ಬಸುರಿಯ ಹೊಟ್ಟೆ ಮುಟ್ಟಿ
ಒದೆತಕ್ಕೆ ಕಾಯುವವರ ಹಾಗೆ, ಕಣ್ಣು ಮುಚ್ಚಿ.
ತುಟಿ ಮಾತ್ರ ಹಾಡುತ್ತಿತ್ತು, ಒಂದು ಪದ ತಪ್ಪದೆ.
ಬೈಯಬೇಕು ಅಂತ ಹತ್ತಿರ ಹೋದೆ.
ಕಣ್ಣು ಬಿಟ್ಟವರು ಮಾವಿನಕಾಯಿ ಕದ್ದ ಹುಡುಗನಂತೆ ಬೆಚ್ಚಿ
ಏನೋ ಅಂದರು.
ಏನು? ಅಂದೆ.
ಮತ್ತೆ ಅಂದರು.
ಕೇಳಿಸಲಿಲ್ಲ. ಮತ್ತೆ. ಕೇಳಿಸಲಿಲ್ಲ.
ಗಾಜಿನಾಚೆ ಈಗ ನಾನು.
ಅವರು ತಲೆ ಕೊಡವಿ ನನ್ನ ಕೈ ಹಿಡಿದು
ಹಲಗೆಗೆ ಒತ್ತಿದರು, ಗುಂಡಿ ಒತ್ತುವ ಹಾಗೆ.

ಮೊಣಕೈವರೆಗೆ ಏರಿತು. ಹೆಗಲಿಗೆ. ಹಲ್ಲಿಗೆ.
ನನ್ನ ಪಾಠದಲ್ಲಿ ಇಲ್ಲದ ದಾರಿ ಅದು.

ಒಂದು ಸ್ಪಂಜು ತೆಗೆದೆ, ಒಂದೇ ಒಂದು ಹಾಡಿಗೆ.
ಎಡಗಿವಿಯೋ ಬಲಗಿವಿಯೋ ಹೇಳುವುದಿಲ್ಲ.
ಎಷ್ಟು ಡೆಸಿಬೆಲ್ ಅಂತ ಗೊತ್ತು,
ಅದನ್ನೂ ಹೇಳುವುದಿಲ್ಲ.

ಹೊರಗೆ ಚಳಿ, ಉಸಿರು ಹೊಗೆ.
ಎಲ್ಲರೂ ಸಂತೆಯವರಂತೆ ಕೂಗಿ ಮಾತಾಡುತ್ತಿದ್ದರು.
ಡಬ್ಬಿ ತೆಗೆದು ಯಂತ್ರ ಸಿಕ್ಕಿಸಿಕೊಳ್ಳುವವರೆಗೆ ಕಾದು ಕೇಳಿದೆ,
ಒಳಗೆ ಏನು ಹೇಳುತ್ತಿದ್ದಿರಿ?
ನನ್ನ ಕಾಲು ತುಳೀತಿದ್ದೀಯ ಲವ್, ಅಂದೆ.
ಇಡೀ ಹಾಡು?
ಹಾಡು ಚೆನ್ನಾಗಿತ್ತಲ್ಲ, ಅಂದು
ವಿನೆಗರ್ ಸುರಿದ ಚಿಪ್ಸಿನ ಪೊಟ್ಟಣ ಮುಂದೆ ಹಿಡಿದರು.

ಕೊನೆಯ ಟ್ರಾಮು.
ಒಂದು ಕಿವಿಯೊಳಗೆ ಸಣ್ಣಗೆ ಗುಂಯ್.
ನನ್ನ ನಿಲ್ದಾಣದ ಹೆಸರು ಕೂಗಿದ್ದು ಕೇಳಲೇ ಇಲ್ಲ.
ಮುಂದಿನದರಲ್ಲಿ ಇಳಿದು, ಗುಡ್ಡದ ನೆತ್ತಿಯಿಂದ
ಅವರ ಕಿವಿಯ ಗ್ರಾಫಿನಂಥ ಇಳಿಜಾರಿನಲ್ಲಿ
ಕೈಗಂಬಿ ಹಿಡಿದು ನಡೆದು ಬಂದೆ.
ಕಬ್ಬಿಣ ತಣ್ಣಗಿತ್ತು.
ಬಿಡದೆ ಹಿಡಿದೇ ಬಂದೆ.