ಮೈದಾ ಇಲ್ಲದ ಅಂಟು

ಕಲಾಸಿಪಾಳ್ಯದ ಗೋಡೆಗಳಿಗೆ ಮೂವತ್ತೊಂದು ವರ್ಷ
ಪೋಸ್ಟರ್ ಅಂಟಿಸಿದವನು ನಾನು, ಚೌರಪ್ಪ.
ಮೈದಾ ಕುದಿಸಿ ಚಿಟಿಕೆ ಮೈಲುತುತ್ತ ಹಾಕುತ್ತಿದ್ದೆ,
ಇಲ್ಲದಿದ್ದರೆ ಇಲಿ, ಜಿರಲೆ ಸೇರಿ
ಬೆಳಗಾಗುವುದರೊಳಗೆ ಹೀರೋನ ಗಲ್ಲ ತಿಂದು ಮುಗಿಸುತ್ತಿದ್ದವು.

ಈಗ ಗೋಡೆ ಮುಟ್ಟಿದರೆ ದಂಡ.
ಯಶವಂತಪುರದ ಆಚೆ ಒಂದು ಲ್ಯಾಬಿನಲ್ಲಿ
ರಾತ್ರಿ ಪಾಳಿ, ಬೀಗದ ಗೊಂಚಲು, ಒಂದು ಟಾರ್ಚು.
ಅಲ್ಲಿ ನಫೀಸಾ ಮೇಡಂ
ಹಲ್ಲಿಯ ಕಾಲು ಮಾಡುತ್ತಿದ್ದಾರೆ.

ನಗಬೇಡಿ. ಮೊದಲ ದಿನ ನಾನೂ ನಕ್ಕೆ.
'ಯಾವ ಗೋಂದು ಮೇಡಂ?'
'ಗೋಂದೇ ಇಲ್ಲ, ಚೌರಪ್ಪ.'
ಟ್ಯೂಬ್‌ಲೈಟಿನ ಪಕ್ಕ ಹುಳಕ್ಕೆ ಹೊಂಚಿ ಕೂತದ್ದು
ಲೊಚಗುಟ್ಟಿತು. ಇನ್ನೇನು, ಒಪ್ಪಿಕೊಂಡೆ.

ಅದರ ಬೆರಳಡಿ ಜೊಲ್ಲಿಲ್ಲ, ಹೀರುವ ಬಟ್ಟಲಿಲ್ಲ.
ಪದರ ಪದರ ಮಡಿಕೆ, ಮಡಿಕೆ ತುಂಬ ರೋಮ,
ರೋಮದ ತುದಿ ನೂರಾಗಿ ಸೀಳಿ
ಗೋಡೆಗೆ ಎಷ್ಟು ಹತ್ತಿರ ಹೋಗುತ್ತದೆಂದರೆ
ಅದರ ಅಣುವಿಗೂ ಗೋಡೆಯ ಅಣುವಿಗೂ
ದಾಕ್ಷಿಣ್ಯ ಹುಟ್ಟಿಬಿಡುತ್ತದೆ.
(ದಾಕ್ಷಿಣ್ಯ ಅಂದದ್ದು ನಾನು. ಅವರು ಹೇಳಿದ್ದು
ಪರದೇಶದ ಯಾರದೋ ಹೆಸರಿನ ಬಲ.)

ನಾನು ಕಂಡ ಅಂಟೆಲ್ಲ ಒದ್ದೆ.
ಬಳಿಯಬೇಕು, ಒತ್ತಬೇಕು,
ಒಣಗುವ ತನಕ ಪೊಲೀಸು ಬಾರದಿರಲಿ ಎಂದು
ಮೇರಿ ಮಾತೆಗೆ ಹೇಳಿಕೊಳ್ಳಬೇಕು.
ಕಿತ್ತರೆ ಸುಣ್ಣ ಸಮೇತ ಬರುತ್ತದೆ.
ಇದೋ, ಹೆಜ್ಜೆಹೆಜ್ಜೆಗೂ ಹಿಡಿದು, ಹೆಜ್ಜೆಹೆಜ್ಜೆಗೂ ಬಿಟ್ಟು,
ದೋಸೆಯ ಅಂಚು ಎಬ್ಬಿಸುವ ಹಾಗೆ
ಬೆರಳನ್ನು ತುದಿಯಿಂದ ಸುರುಳಿ ಮಾಡಿ
ಸಾಲ ತೀರಿಸಿದವನಂತೆ ಹೊರಟೇಹೋಗುತ್ತದೆ.

ಒಂದು ರಾತ್ರಿ ಮೇಡಂ ಮನೆಯಿಂದ ನಾನ್‌ಸ್ಟಿಕ್ ತವಾ ತಂದರು.
ಅದರ ಮೇಲೆ ಮಾತ್ರ ಹಲ್ಲಿ ಸೋತಿತು,
ಜಾರಿ ನನ್ನ ಎಡಭುಜಕ್ಕೆ ಬಿತ್ತು.
ಪಕ್ಕದ ಗೇಟಿನ ಗೋಪಣ್ಣ ಪಂಚಾಂಗ ತಿರುವಿ ಹಾಕಿದ:
ತವಾದಿಂದ ಬಿದ್ದ ಹಲ್ಲಿಗೆ ಫಲ ಬರೆದಿರಲಿಲ್ಲ.

ಅವರು ಮಾಡಿದ ತುಂಡು ಅಂಗೈಯಷ್ಟು, ಮಂಜಿನ ಬಣ್ಣ.
ಗಾಜಿಗೆ ಒತ್ತಿ ತುಂಬಿದ ಬಿಂದಿಗೆ ನೇತುಹಾಕಿದೆವು.
ನಿಂತಿತು. ಇಬ್ಬರೂ ಉಸಿರು ಬಿಡಲಿಲ್ಲ.
ಏಳನೆಯ ದಿನಕ್ಕೆ ನೆಲವೆಲ್ಲ ನೀರು.
ಮೆಟ್ರೋ ಅಗೆದ ಧೂಳು ಕಿಟಕಿಯಿಂದ ಬಂದು
ರೋಮದ ಸಂದಿಯಲ್ಲಿ ಮನೆ ಮಾಡಿತ್ತು.
ಅದೇ ಧೂಳಿನಲ್ಲಿ ಹಲ್ಲಿ ನಡೆಯುತ್ತದೆ,
ನಡೆದಷ್ಟೂ ಕಾಲು ಶುಚಿ.
'ಹೇಗೆ?' ಎಂದು ಬೋರ್ಡಿನ ಮೇಲೆ ಬರೆದು
ಮೇಡಂ ಮನೆಗೆ ಹೋದರು. ನಾನು ನೆಲ ಒರೆಸಿದೆ.

ಮರುದಿನ ಅವರಿಗೊಂದು ಮಾತು ಹೇಳಿದೆ,
ಯಾರಿಗೂ ಹೇಳಿರದ್ದು.
ಬಸ್ ಸ್ಟ್ಯಾಂಡಿನ ಹಿಂದಿನ ಗೋಡೆ,
ಹಾಳೆಯ ಮೇಲೆ ಹಾಳೆ, ಹಾಸಿಗೆಯಷ್ಟು ದಪ್ಪ.
ಕಾರ್ಪೊರೇಷನ್ನಿನವರು ಸುಲಿಯುವಾಗ ನೋಡುತ್ತ ನಿಂತಿದ್ದೆ.
ಎಲ್ಲಕ್ಕಿಂತ ಒಳಗೆ, ಚಪ್ಪಟೆಯಾಗಿ ಒಣಗಿದ ಒಂದು ಹಲ್ಲಿ.
ಕತ್ತಲಲ್ಲಿ ಅದರ ಮೇಲೆಯೇ ಬಳಿದಿದ್ದೆ ಅಂತ ಕಾಣುತ್ತೆ.
ಹಾಳೆಗಳು ನನ್ನ ಮೈದಾವನ್ನು ಬಿಟ್ಟು ಬಂದವು.
ಅದು ಗೋಡೆ ಬಿಡಲಿಲ್ಲ.

'ಸತ್ತ ಮೇಲೂ ಹಿಡಿಯುತ್ತೆ' ಅಂದರು ಮೇಡಂ,
'ಹಿಡಿಯೋದಕ್ಕೆ ಜೀವ ಬೇಡ, ಬಿಡೋದಕ್ಕೇ ಬೇಕು.
ಆದರೆ ಅದು ನಿಮ್ಮ ಮೈದಾವೂ ಇರಬಹುದು.'
ಪೆನ್ನು ಬಿಚ್ಚಿ ಕೇಳಿದರು:
'ತಲೆ ಯಾವ ಕಡೆಗಿತ್ತು, ಮೇಲಕ್ಕೋ ಕೆಳಕ್ಕೋ?'

ನಾನು ನೋಡಿರಲಿಲ್ಲ.